ಮನೆಯ ಹೂವಿನ ಪಾತಿಗಳಲ್ಲಿಯೂ ಅಂಗಳಗಳಲ್ಲಿಯೂ ಕಳೆಗಳ ನಿವಾರಣೆ

ರಾಗಿಯ ಹೊಲದಲ್ಲಿ ಕಳೆ ತೆಗೆಯದೆ ಬಿಡುವ ರೈತನು ಯಾವ ಗ್ರಾಮದಲ್ಲಿಯೂ ಇಲ್ಲ. ಪೈರು ಗೇಣುದ್ದ ಬೆಳೆಯುವಷ್ಟರಲ್ಲಿ ಕುಂಟೆ ಹೊಡೆದು, ಆಳುಗಳನ್ನು ಇಟ್ಟು, ಎರಡು ಮೂರು ಸಲ ಕಳೆ ಕೀಳಿಸುವುದು ವಾಡಿಕೆಯಾಗಿದೆ. ಆದರೆ ಅದೇ ರೈತನ ಮನೆಯ ಮುಂದಿನ ಹೂವಿನ ಪಾತಿಯಲ್ಲಿಯೂ, ಹಿತ್ತಲಿನಲ್ಲಿಯೂ, ಬಾವಿಯ ಸುತ್ತಲೂ ಬೆಳೆದ ಕಳೆಯು ಹೂವಾಗಿ, ಕಾಯಾಗಿ, ಬೀಜ ಉದುರಿಸುವವರೆಗೆ ಅದನ್ನು ಕೇಳುವವರಿರುವುದಿಲ್ಲ. ಹೂವಿನ ಗಿಡಗಳು ಹೆಂಗಸರ ಮತ್ತು ಮಕ್ಕಳ ವಿನೋದಕ್ಕಾಗಿ ಇರತಕ್ಕವು, ಅವುಗಳಿಂದ ವ್ಯವಸಾಯಕ್ಕೆ ಲಾಭನಷ್ಟಗಳಿಲ್ಲ ಎಂಬ ಭಾವನೆಯೇ ಇದಕ್ಕೆ ಕಾರಣವು. ಈ ಭಾವನೆಯು ತಪ್ಪೆಂಬುದನ್ನೂ, ಅಂಗಳದ ಕಳೆಯನ್ನು ಅಲ್ಪ ಶ್ರಮದಿಂದಲೇ ನಿವಾರಿಸುವ ಕ್ರಮವನ್ನೂ ಇಲ್ಲಿ ವಿವರಿಸಿದೆ.

೧. ಅಂಗಳದ ಕಳೆಯು ಹೊಲವನ್ನು ಸೇರುವ ಬಗೆ

ಅಂಗಳವನ್ನು ಗುಡಿಸಿದ ಕಸವು ತಿಪ್ಪೆಗೆ ಹೋಗುವುದು. ಪಾತಿಯಲ್ಲಿ ಕಿತ್ತ ಕಳೆಯೂ ಅಲ್ಲಿಗೇ ಹೋಗುವುದು. ತಿಪ್ಪೆಯ ಗೊಬ್ಬರವು ಬೇಸಿಗೆಯಲ್ಲಿ ಗಾಡಿಯ ಮೇಲೆ ಹೊಲಕ್ಕೆ ಹೋಗಿ, ಮುಂಗಾರಿನ ಉಳುಮೆಯಲ್ಲಿ ಮಣ್ಣಿನೊಡನೆ ಬೆರೆಯುವುದು. ಸಾಧಾರಣವಾದ ತಿಪ್ಪೆಯು ಒಳಗೆ ಸ್ವಲ್ಪ ಬಿಸಿಯಾದರೂ, ಅಂಚಿನಲ್ಲಿಯೂ ಮೇಲ್ಭಾಗದಲ್ಲಿಯೂ ಇರುವ ಬೀಜಗಳು ಸಾಯುವುದಿಲ್ಲ. ದನವು ಮೇದ ಕೀರೆ ಮೊದಲಾದ ಸಣ್ಣ ಬೀಜಗಳಲ್ಲಿ ಒಂದು ಭಾಗವು ಸಗಣಿಯಲ್ಲಿಯೂ ಜೀವದಿಂದಲೇ ಹೊರಬರುವುದುಂಟು. ಹೀಗೆ ಹತ್ತು ಚದರಡಿಯ ಪಾತಿಯಲ್ಲಿ ಉದುರಿದ ಬೀಜವನ್ನು ರೈತನು ತನ್ನ ಕೈಯಿಂದಲೇ ಎಕರೆಗಟ್ಟಲೆ ಭೂಮಿಗೆ ಹರಡಿದಂತಾಗುವುದು. ಅನಂತರ ಆ ಹೊಲದಲ್ಲಿ ಕಳೆ ಕೀಳುವುದಕ್ಕೆ ಕೂಲಿಯನ್ನು ಕೊಡತಕ್ಕವನೂ ಅವನೇ.

ಆದುದರಿಂದ ಅಂಗಳದ ಕಳೆಯ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ನಿಯಮವು ಒಂದೇ: ಕಳೆಯು ಬೀಜ ಕಟ್ಟುವುದಕ್ಕೆ ಮುಂಚೆ ಅದನ್ನು ತೆಗೆಯತಕ್ಕದ್ದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಎರಡೆಲೆಯ ಸಸಿಯನ್ನು ಬೆರಳಿನಿಂದ ಕೀಳಬಹುದು. ಒಂದು ತಿಂಗಳು ತಡೆದರೆ ಗುದ್ದಲಿ ಬೇಕು. ಬೀಜ ಉದುರಿದ ಮೇಲೆ ಹಲವು ವರ್ಷಗಳ ಕೆಲಸವಾಗುವುದು.

೨. ಕಳೆಗಳಲ್ಲಿ ಎರಡು ಬಗೆ

ನಿವಾರಣೆಯ ಕ್ರಮವನ್ನು ನಿಶ್ಚಯಿಸುವುದಕ್ಕೆ ಮುಂಚೆ ಕಳೆಯು ಯಾವ ಬಗೆಯದೆಂದು ತಿಳಿಯುವುದು ಅವಶ್ಯಕವು. ಮೊದಲನೆಯ ಬಗೆಯವು ಬೀಜದಿಂದ ಹುಟ್ಟಿ, ಬೀಜವನ್ನು ಬಿಟ್ಟು ಸಾಯತಕ್ಕವು. ಮುಳ್ಳುಕೀರೆ, ಅಣ್ಣೆಸೊಪ್ಪು, ಗೋಣಿಸೊಪ್ಪು, ನೆಲನೆಲ್ಲಿ, ನೆಗ್ಗಿಲು ಮುಂತಾದವು ಈ ಜಾತಿಗೆ ಸೇರಿದವು. ಎರಡನೆಯ ಬಗೆಯವು ನೆಲದೊಳಗಿನ ಗಡ್ಡೆ ಅಥವಾ ನೆಲದಲ್ಲಿ ಹರಿಯುವ ಕಾಂಡದಿಂದ ವರ್ಷ ವರ್ಷವೂ ಚಿಗುರತಕ್ಕವು. ಜೇಕು ಮತ್ತು ಗರಿಕೆ ಇವುಗಳಲ್ಲಿ ಮುಖ್ಯವಾದವು. ಮೊದಲನೆಯದಕ್ಕೆ ತಕ್ಕ ಉಪಾಯವನ್ನು ಎರಡನೆಯದರಲ್ಲಿ ನಡೆಸಿದರೆ ಕಳೆಯು ಕಡಮೆಯಾಗುವುದರ ಬದಲು ಹೆಚ್ಚುವುದು.

೩. ಬೀಜದಿಂದ ಹುಟ್ಟುವ ಕಳೆಗಳು

ಇವುಗಳ ಬೀಜವು ಬಹು ಸಣ್ಣದು. ನೆಲದ ಮೇಲಿನ ಒಂದು ಅಂಗುಲದೊಳಗೆ, ಬೆಳಕೂ ತೇವವೂ ತಾಕುವಲ್ಲಿ ಇರುವ ಬೀಜವೇ ಹೆಚ್ಚಾಗಿ ಮೊಳೆಯುವುದು. ಆಳದಲ್ಲಿರುವುದು ಮೊಳೆಯದೆ, ಆದರೆ ಸಾಯದೆ, ಅನೇಕ ವರ್ಷ ಕಾದಿರುವುದು. ಆದಕಾರಣ ಪಾತಿಯನ್ನು ಪದೇ ಪದೇ ಆಳವಾಗಿ ಅಗೆಯುವುದು ಸರಿಯಲ್ಲ. ಪ್ರತಿ ಸಲವೂ ಹೊಸ ಬೀಜವು ಮೇಲಕ್ಕೆ ಬರುವುದು. ಗಿಡ ನೆಡುವುದಕ್ಕೆ ಮುಂಚೆ ಒಂದು ಸಲ ಆಳವಾಗಿ ಅಗೆದು, ಅನಂತರ ಕುರ್ಚಿಗೆಯಿಂದ ಅಥವಾ ಸಣ್ಣ ಗುದ್ದಲಿಯಿಂದ ಮೇಲು ಮಣ್ಣನ್ನು ಅರ್ಧ ಅಂಗುಲದಿಂದ ಒಂದು ಅಂಗುಲದವರೆಗೆ ಮಾತ್ರ ಕೆರೆಯತಕ್ಕದ್ದು. ಬಿಸಿಲಿರುವ ದಿನ ಬೆಳಗ್ಗೆ ಕೆರೆದರೆ ಕಿತ್ತ ಸಸಿಗಳು ಸಂಜೆಯೊಳಗೆ ಬಾಡುವುವು.

ಇವುಗಳಲ್ಲಿ ಮೂರನ್ನು ವಿಶೇಷವಾಗಿ ಗಮನಿಸಬೇಕು.

ಗೋಣಿಸೊಪ್ಪು ರಸಭರಿತವಾದ ಗಿಡ. ಕಿತ್ತು ಪಾತಿಯ ಅಂಚಿನಲ್ಲಿ ಎಸೆದರೆ ಒಣಗುವುದಕ್ಕೆ ಬದಲು ಮರಳಿ ಬೇರೂರುವುದು. ಕಾಯಿ ಕಟ್ಟಿದ್ದರೆ ಕಿತ್ತ ಮೇಲೂ ಬೀಜವು ಬಲಿಯುವುದು. ಇದನ್ನು ಕಿತ್ತ ಕೂಡಲೆ ಮಕ್ಕರಿಗೆ ತುಂಬಬೇಕು. ಎಳೆಯದಾದರೆ ಅಡಿಗೆಗೆ ಒದಗುವುದರಿಂದ ಬೇಗನೆ ಕೀಳುವುದರಲ್ಲಿ ಎರಡು ಲಾಭಗಳುಂಟು.

ಕನ್ನೆಸೊಪ್ಪಿಗೆ ಮೇಲೆ ಕಾಣುವ ನೀಲಿ ಹೂವಲ್ಲದೆ ಮಣ್ಣಿನೊಳಗೂ ಹೂವುಂಟು. ಆ ಹೂವುಗಳು ಅರಳದೆ ಮಣ್ಣಿನಲ್ಲಿಯೇ ಬೀಜ ಕಟ್ಟುವುವು. ಮೇಲೆ ಕೊಯ್ದರೆ ಪ್ರಯೋಜನವಿಲ್ಲ. ತುಂಡಾದ ಗೆಣ್ಣು ಒದ್ದೆಯ ಮಣ್ಣಿನಲ್ಲಿ ಮತ್ತೆ ಬೇರು ಬಿಡುವುದು. ಆದುದರಿಂದ ಇದನ್ನು ಬುಡಸಹಿತವಾಗಿ ಕಿತ್ತು ಒಂದು ತುಂಡನ್ನೂ ಬಿಡದೆ ಆರಿಸತಕ್ಕದ್ದು.

ಮೂರೆಲೆಯ ಹುಳಿಸೊಪ್ಪು ಕುಂಡಗಳಲ್ಲಿಯೂ ತುಳಸಿಕಟ್ಟೆಯ ಬುಡದಲ್ಲಿಯೂ ಸಾಮಾನ್ಯ. ಇದರ ಕಾಯಿ ಬಲಿತು ಸಿಡಿದಾಗ ಬೀಜವು ಕೆಲವು ಅಡಿ ದೂರ ಚಿಮ್ಮುವುದು. ಹಳದಿ ಹೂವು ಕಂಡೊಡನೆ ಕೀಳದಿದ್ದರೆ ಪಕ್ಕದ ಕುಂಡಗಳೆಲ್ಲಕ್ಕೂ ಹರಡುವುದು.

೪. ಜೇಕು ಮತ್ತು ಗರಿಕೆ

ಜೇಕನ್ನು ಕೆಲವು ಕಡೆ ತುಂಗೆಹುಲ್ಲೆಂದೂ, ಅದರ ಗಡ್ಡೆಯನ್ನು ಕೊನ್ನಾರಿಗಡ್ಡೆಯೆಂದೂ ಕರೆಯುವರು. ಇದರ ಬಲವೆಲ್ಲವೂ ನೆಲದೊಳಗೆ ಇರುವುದು. ಗಡ್ಡೆಗಳು ಸಣ್ಣ ದಾರದಂತಹ ಕಾಂಡದಿಂದ ಒಂದಕ್ಕೊಂದು ಪೋಣಿಸಿದ ಮಣಿಗಳಂತೆ ಇರುವುವು. ಸರವು ಅಖಂಡವಾಗಿರುವಾಗ ತುದಿಯ ಗಡ್ಡೆ ಚಿಗುರಿ ಉಳಿದವು ನಿದ್ರಿಸುವುವು. ಗುದ್ದಲಿಯಿಂದ ಸರವನ್ನು ಕಡಿದು ಬಿಟ್ಟರೆ ನಿದ್ರಿಸುತ್ತಿದ್ದ ಗಡ್ಡೆಗಳೆಲ್ಲವೂ ಎಚ್ಚೆತ್ತು ಚಿಗುರುವುವು. ಒಂದು ಸಲ ಅಗೆದು ಕೈಬಿಟ್ಟವರ ಪಾತಿಯಲ್ಲಿ ಜೇಕು ಮೊದಲಿಗಿಂತ ದಟ್ಟವಾಗುವುದಕ್ಕೆ ಇದೇ ಕಾರಣ. ಕೈಯಿಂದ ಎಳೆದರೆ ಎಲೆ ಮಾತ್ರ ಬರುವುದು, ಗಡ್ಡೆ ನಿಲ್ಲುವುದು.

ಇದಕ್ಕೆ ಈ ಕೆಳಗಿನ ಕ್ರಮವು ಯೋಗ್ಯವಾದುದು.

(ಅ) ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ಪಾತಿಗೆ ನೀರು ನಿಲ್ಲಿಸಿ, ಒಂದು ಅಡಿ ಆಳಕ್ಕೆ ಹಾರೆಯಿಂದ ಅಗೆದು, ಹೆಂಟೆಗಳನ್ನು ಒಡೆದು, ಗಡ್ಡೆಗಳನ್ನು ಆರಿಸುವುದು. ಹೆಚ್ಚಿನ ಗಡ್ಡೆಗಳು ಮೇಲಿನ ಅರ್ಧ ಅಡಿಯಲ್ಲಿಯೇ ಇರುವುವು. ಚಿಕ್ಕ ಪಾತಿಯಾದರೆ ಮಣ್ಣನ್ನು ಜಲ್ಲಡಿಯಲ್ಲಿ ಹಿಡಿಯುವುದು ಲೇಸು.

(ಆ) ಕಣ್ಣಿಗೆ ಬೀಳದೆ ಉಳಿದವು ಬಿಸಿಲಿಗೆ ಒಣಗುವಂತೆ ಮಣ್ಣನ್ನು ಎರಡು ವಾರ ಹರವಿ, ನಡುವೆ ಒಂದೆರಡು ಸಲ ತಿರುವಿ ಬಿಡುವುದು. ಪೂರ್ತಿ ಒಣಗಿದ ಗಡ್ಡೆ ಮತ್ತೆ ಚಿಗುರದು.

(ಇ) ಮಳೆ ಬಿದ್ದ ಮೇಲೆ ಚಿಗುರುವ ಪ್ರತಿಯೊಂದು ಮೊಳಕೆಯನ್ನೂ ಎರಡು ವಾರಕ್ಕೊಮ್ಮೆ ತಪ್ಪದೆ ಕೆರೆಯುವುದು. ಹೊಸ ಎಲೆ ಬಿಡುವುದಕ್ಕೆ ಗಡ್ಡೆಯು ತನ್ನಲ್ಲಿ ಕೂಡಿಟ್ಟ ಆಹಾರವನ್ನು ವೆಚ್ಚ ಮಾಡುವುದು. ಹೊಸ ಗಡ್ಡೆ ಕಟ್ಟುವುದಕ್ಕೆ ಮುಂಚೆಯೇ ಎಲೆಯನ್ನು ಕಳೆಯುತ್ತ ಬಂದರೆ ವೆಚ್ಚವೇ ಹೊರತು ಆದಾಯವಿಲ್ಲದ ಸಂಸಾರದಂತೆ ಅದು ಕ್ರಮೇಣ ಬರಿದಾಗುವುದು. ನಡುವೆ ಒಂದು ತಿಂಗಳು ಬಿಟ್ಟರೆ ಹಿಂದಿನ ಶ್ರಮವೆಲ್ಲವೂ ವ್ಯರ್ಥವು.

(ಈ) ಜೇಕಿಗೆ ನೆರಳು ಆಗದು. ಕಾಟವು ಅತಿಯಾಗಿರುವ ಪಾತಿಯಲ್ಲಿ ಒಂದು ಹಂಗಾಮಿನಲ್ಲಿ ಹೂವನ್ನು ಬಿಟ್ಟು, ಅಲಸಂದೆಯನ್ನು ಒತ್ತಾಗಿ ಹಾಕಿದರೆ ಅದರ ಎಲೆಯ ನೆರಳಿನಿಂದ ಜೇಕು ಬಡವಾಗುವುದು. ಮನೆಗೆ ಕಾಯಿಯೂ ದೊರೆಯುವುದು.

ಗರಿಕೆಯು ಪೂಜೆಗೆ ಬೇಕಾದ ಹುಲ್ಲು. ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದರಲ್ಲಿಯೂ ಉಪಯುಕ್ತವಾದುದು. ಅದು ಪಾತಿಯೊಳಗೆ ನುಗ್ಗಿದಾಗ ಮಾತ್ರ ಕಳೆ. ಅದರ ಪ್ರತಿ ಗೆಣ್ಣಿನಲ್ಲಿಯೂ ಬೇರು ಬಿಡುವ ಶಕ್ತಿಯಿರುವುದರಿಂದ ಮಳೆಗಾಲದಲ್ಲಿ ಕಡಿದು ಬಿಡುವುದು ಅದನ್ನು ನಾಟಿ ಮಾಡಿದಂತೆಯೇ ಸರಿ. ಬೇಸಿಗೆಯಲ್ಲಿ ಬೇರುಸಹಿತ ಅಗೆದು ಒಣಗಿಸಬೇಕು. ಪಾತಿಯ ಸುತ್ತಲೂ ಒಂದು ಅಡಿ ಆಳಕ್ಕೆ ಚಪ್ಪಡಿಕಲ್ಲನ್ನಾಗಲಿ ಹೆಂಚನ್ನಾಗಲಿ ನಿಲ್ಲಿಸಿ ಹೂಳಿದರೆ ಅಂಗಳದ ಗರಿಕೆಯು ಒಳಕ್ಕೆ ನುಗ್ಗುವುದು ಬಹುಮಟ್ಟಿಗೆ ನಿಲ್ಲುವುದು. ಪೂಜೆಗೆ ಬೇಕಾದಷ್ಟನ್ನು ಒಂದು ಮೂಲೆಯಲ್ಲಿ ಕಲ್ಲಿನ ಕಟ್ಟಿನೊಳಗೆ ಬೆಳೆಸಿಕೊಳ್ಳಬಹುದು.

೫. ಪಾರ್ಥೇನಿಯಂ ಎಂಬ ಕಾಂಗ್ರೆಸ್ ಹುಲ್ಲು

ಈಗ ಗ್ರಾಮಗಳ ಅಂಗಳಗಳಲ್ಲಿ ಎಲ್ಲಕ್ಕಿಂತ ಅಪಾಯಕರವಾದ ಕಳೆ ಇದು. ಇದು ಅಮೆರಿಕಾ ಖಂಡದ ಗಿಡ. 1955ರಲ್ಲಿ ಪುಣೆಯಲ್ಲಿ ಕಂಡುಬಂದ ಬಳಿಕ ದೇಶದ ನಾನಾ ಭಾಗಗಳಿಗೆ ಹರಡಿತು. ಒಂದು ಗಿಡವು 15,000 ದಿಂದ 25,000 ಬೀಜಗಳನ್ನು ಬಿಡಬಲ್ಲುದು. ನೂರರಲ್ಲಿ ಒಂದೇ ಬೀಜವು ಗಿಡವಾದರೂ ಮುಂದಿನ ವರ್ಷ ಕನಿಷ್ಠ 150 ಗಿಡಗಳಾದಂತಾಯಿತು. ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿಯೇ ಬಿಳಿಯ ಸಣ್ಣ ಹೂವು ಬರುವುದು. ಬೀಜವು ಗಾಳಿಯಿಂದಲೂ, ಹರಿಯುವ ನೀರಿನಿಂದಲೂ, ಗಾಡಿಗಳ ಚಕ್ರದಿಂದಲೂ, ಹೊರಗಿನಿಂದ ತಂದ ಮರಳು, ಮಣ್ಣು, ಗೊಬ್ಬರಗಳಿಂದಲೂ ಬರುವುದು.

ಇದನ್ನು ಮುಟ್ಟುವುದರಿಂದ ಅನೇಕರಿಗೆ ಚರ್ಮದಲ್ಲಿ ತುರಿಯೂ ಗಂದೆಗಳೂ ಏಳುವುವು. ಪರಾಗದಿಂದ ಶೀನು, ಉಬ್ಬಸಗಳುಂಟಾಗುವುವು. ಒಂದು ಸಲ ಅಂಟಿದ ಈ ಬಾಧೆಯು ಕೆಲವರನ್ನು ಆಯುಷ್ಯವಿಡೀ ಬಿಡದು. ಇದನ್ನು ಮೇದ ಹಸುವಿನ ಹಾಲು ಕಹಿಯಾಗುವುದು. ಆದುದರಿಂದ ಮಕ್ಕಳಿಂದ ಇದನ್ನು ಕೀಳಿಸಲೇ ಕೂಡದು. ಕೀಳುವವರು ಕೈಗೆ ಚೀಲವನ್ನೋ ಕೈಗವಸನ್ನೋ ಧರಿಸಿ, ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿ, ಮೈತುಂಬ ಉಡುಪು ಹಾಕಿಕೊಂಡು, ಕೆಲಸ ಮುಗಿದ ಮೇಲೆ ಸ್ನಾನ ಮಾಡತಕ್ಕದ್ದು. ಹಿಂದೆ ಒಮ್ಮೆ ಗಂದೆ ಎದ್ದವರು ಈ ಕೆಲಸಕ್ಕೆ ಬರಲೇ ಕೂಡದು.

ಮಳೆ ಬಿದ್ದು ನೆಲ ಒದ್ದೆಯಿರುವಾಗ, ಹೂವು ಬರುವುದಕ್ಕೆ ಮುಂಚೆ, ಬೇರುಸಹಿತ ಕೀಳುವುದೇ ಸರ್ವೋತ್ತಮವಾದ ಉಪಾಯ. ಕೊಯ್ದರೆ ಬುಡದಿಂದ ಮತ್ತೆ ಚಿಗುರಿ ಹೂಬಿಡುವುದು. ಬೇಲಿಯ ಹೊರಗಿನ ಪಾಳು ಜಾಗದಲ್ಲಿ ಮುಂಗಾರಿಗೆ ಮುಂಚೆ ತಗಚೆಯ ಬೀಜವನ್ನು ಚೆಲ್ಲಿದರೆ ಅದು ಒತ್ತಾಗಿ ಬೆಳೆದು ಪಾರ್ಥೇನಿಯಮ್ಮನ್ನು ಅದುಮುವುದು. ಇದಲ್ಲದೆ ಮೆಕ್ಸಿಕೊ ದೇಶದಿಂದ ತರಿಸಿದ ಒಂದು ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕೆನೆಬಣ್ಣದ ಬೆನ್ನಿನ ಮೇಲೆ ಕಪ್ಪು ಗೀರುಗಳುಳ್ಳ ಈ ದುಂಬಿಯೂ ಅದರ ಮರಿಹುಳುವೂ ಮಳೆಗಾಲದಲ್ಲಿ ಈ ಗಿಡದ ಎಲೆಗಳನ್ನು ತಿಂದು ಹಾಕುವುವು. ಅದನ್ನು ಪೀಡೆಯೆಂದು ಭ್ರಮಿಸಿ ಕೊಲ್ಲಬಾರದು. ಆದರೆ ಮಳೆಗಾಲ ಕಳೆದ ಮೇಲೆ ಅದು ಮಣ್ಣಿನೊಳಗೆ ಅಡಗುವುದರಿಂದ ಅದನ್ನೇ ನಂಬಿ ಕೈಕಟ್ಟಿ ಕುಳಿತಿರುವುದೂ ಸರಿಯಲ್ಲ.

೬. ಹೊಸ ಪಾತಿಯನ್ನು ಸಿದ್ಧಪಡಿಸುವ ಕ್ರಮ

ಸೇವಂತಿಗೆ, ಚೆಂಡುಹೂ, ಕನಕಾಂಬರ ಮುಂತಾದವುಗಳ ಸಸಿಗಳನ್ನು ಅಗೆದ ದಿನವೇ ನೆಡುವುದು ಸಾಮಾನ್ಯವಾದ ರೂಢಿ. ಇದರಿಂದ ಸಸಿಯೂ ಕಳೆಯೂ ಒಟ್ಟಿಗೆ ಬೆಳೆದು, ಕಳೆ ಕೀಳುವಾಗ ಹೂವಿನ ಸಸಿಯೂ ಕಿತ್ತುಬರುವುದು. ಇದಕ್ಕೆ ಬದಲಾಗಿ ಪಾತಿಯನ್ನು ಅಗೆದು, ಗೊಬ್ಬರ ಹಾಕಿ, ಸಮಮಾಡಿ, ನೀರು ಕೊಟ್ಟು ಹತ್ತು ಹದಿನೈದು ದಿನ ಬರಿದಾಗಿ ಬಿಡಬೇಕು. ಮೇಲಿನ ಕಳೆಬೀಜಗಳೆಲ್ಲವೂ ಆಗ ಮೊಳೆಯುವುವು. ಅವುಗಳನ್ನು ತೆಳುವಾಗಿ ಕೆರೆದು ಒಣಗಿಸಿ, ಮತ್ತೆ ಆಳಕ್ಕೆ ಅಗೆಯದೆ, ಸಸಿಯ ಗುಣಿಗಳನ್ನು ಮಾತ್ರ ತೋಡಿ ನೆಡತಕ್ಕದ್ದು. ಭರಣಿ ಕೃತ್ತಿಕೆಯ ಮಳೆಗಳಲ್ಲಿ ಈ ಕೆಲಸ ಮಾಡಿದರೆ ನೀರು ಹಾಕುವ ಶ್ರಮವೂ ತಪ್ಪುವುದು.

ಬೇಸಿಗೆಯಲ್ಲಿ ಅವಕಾಶವಿರುವವರು ಇನ್ನೊಂದು ಉಪಾಯವನ್ನು ಮಾಡಬಹುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾತಿಗೆ ಚೆನ್ನಾಗಿ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಿ 4 ರಿಂದ 6 ವಾರ ಬಿಟ್ಟರೆ, ಸೂರ್ಯನ ಕಾವಿನಿಂದ ಮೇಲು ಮಣ್ಣಿನ ಬೀಜಗಳಲ್ಲಿ ಬಹುಪಾಲು ಸಾಯುವುವು. ಜೇಕಿನ ಗಡ್ಡೆಗಳಿಗೆ ಮಾತ್ರ ಇದು ಸಾಲದು.

೭. ಹೊದಿಕೆ

ಬೆಳಕಿಲ್ಲದಲ್ಲಿ ಕಳೆಯಿಲ್ಲ. ಸಸಿ ನಿಂತ ಮೇಲೆ ಅವುಗಳ ನಡುವೆ ತರಗೆಲೆ, ಕಬ್ಬಿನ ತರಗು, ಕಡಲೆಕಾಯಿಯ ಸಿಪ್ಪೆ, ತೆಂಗಿನ ನಾರಿನ ಪುಡಿ, ಇವುಗಳಲ್ಲಿ ದೊರೆತದ್ದನ್ನು ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಹರಡಿದರೆ ಕಳೆಯು ಅಡಗುವುದು, ನೆಲದ ತೇವವು ಉಳಿಯುವುದು, ಕೊಳೆತು ಗೊಬ್ಬರವೂ ಆಗುವುದು. ಗಿಡದ ಬುಡಕ್ಕೆ ತಾಕದಂತೆ ಎರಡು ಅಂಗುಲ ಜಾಗ ಬಿಡಬೇಕು; ಇಲ್ಲದಿದ್ದರೆ ಬುಡವು ಕೊಳೆಯುವ ಸಂಭವವುಂಟು. ಗೆದ್ದಲಿರುವ ನೆಲದಲ್ಲಿ ಹೊದಿಕೆಯನ್ನು ಆಗಾಗ್ಗೆ ಎತ್ತಿ ನೋಡುತ್ತಿರಬೇಕು. ಬೀಜವಾದ ಹುಲ್ಲನ್ನು ಹೊದಿಕೆಗೆ ಉಪಯೋಗಿಸುವುದು ಕಳೆಯನ್ನು ಬಿತ್ತಿದಂತೆಯೇ.

೮. ಅಂಗಳ, ಕಾಲುದಾರಿ ಮತ್ತು ಬೇಲಿ

ಕಲ್ಲುಹಾಸಿನ ಸಂದುಗಳಲ್ಲಿ ಬೆಳೆಯುವ ಎಳೆಯ ಕಳೆಗೆ ಒಲೆಯಿಂದಿಳಿಸಿದ ಕುದಿನೀರನ್ನು ಎಚ್ಚರಿಕೆಯಿಂದ ಹೊಯ್ದರೆ ಸಾಕು. ಉಪ್ಪನ್ನು ಹಾಕುವ ಪದ್ಧತಿಯು ಕೆಲವು ಕಡೆ ಇರುವುದು. ಅದು ಮಣ್ಣಿನಲ್ಲಿ ಇಳಿದು ಹೂವಿನ ಗಿಡಗಳಿಗೂ ಬಾವಿಯ ನೀರಿಗೂ ಕೇಡು ಮಾಡುವುದರಿಂದ ಮನೆಯ ಸಮೀಪದಲ್ಲಿ ಕೂಡದು. ಬಚ್ಚಲ ನೀರು ಎಲ್ಲೆಂದರಲ್ಲಿ ಹರಿಯುವ ಕಡೆ ಕಳೆಯು ವರ್ಷವಿಡೀ ಬೆಳೆಯುವುದು. ಆ ನೀರನ್ನು ಕಾಲುವೆ ಮಾಡಿ ಬಾಳೆಯ ಅಥವಾ ತೆಂಗಿನ ಬುಡಕ್ಕೆ ತಿರುಗಿಸುವುದು ಲೇಸು. ಬೇಲಿಯ ಗಿಡದ ಮೇಲೆ ಎಲೆಯಿಲ್ಲದ ಹಳದಿ ನೂಲಿನಂತಹ ಬಳ್ಳಿ ಹಬ್ಬಿದರೆ ಅದು ಗಿಡದ ರಸವನ್ನೇ ಹೀರಿ ಬದುಕತಕ್ಕದ್ದೆಂದು ತಿಳಿದು, ಅದು ಹಬ್ಬಿದ ಕೊಂಬೆಯೊಡನೆ ಕತ್ತರಿಸಿ ಸುಡಬೇಕು. ನೂಲಿನ ಒಂದು ತುಂಡು ಉಳಿದರೂ ಮತ್ತೆ ಹಬ್ಬುವುದು.

೯. ಅಲಂಕಾರದ ಗಿಡವೇ ಕಳೆಯಾಗುವುದು

ಹೊಸ ಹೂವಿನ ಗಿಡಗಳನ್ನು ತರುವಾಗಲೂ ವಿವೇಚನೆಯು ಅಗತ್ಯ. ಲಂಟಾನವು 19ನೆಯ ಶತಮಾನದ ಆರಂಭದಲ್ಲಿ ಅಂದವಾದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಗಿಡ. ಬೇಲಿಗೆ ಒಳ್ಳೆಯದೆಂದು ನೆಟ್ಟದ್ದು ಹಕ್ಕಿಗಳ ಮೂಲಕ ಹರಡಿ, ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳ ಕಾಡಿನಲ್ಲಿ ಜಿಂಕೆ ಆನೆಗಳ ಮೇವಿನ ಹುಲ್ಲು ಬೆಳೆಯದಂತೆ ನೆಲವನ್ನು ಆಕ್ರಮಿಸಿದೆ. ನೆಲ ಮುಚ್ಚುವುದಕ್ಕೆಂದು ಮನೆಗಳ ಮುಂದೆ ನೆಡುವ, ಹಳದಿ ಹೂವಿನ ವೆಡೇಲಿಯ ಎಂಬ ಬಳ್ಳಿಯೂ ಗೆಣ್ಣು ಗೆಣ್ಣಿಗೆ ಬೇರು ಬಿಟ್ಟು ಮೇರೆ ದಾಟತಕ್ಕದ್ದೇ. ನೀರಿಲ್ಲದೆ, ಆರೈಕೆಯಿಲ್ಲದೆ ತಾನಾಗಿ ಎಲ್ಲೆಡೆಯೂ ಹಬ್ಬುವ ಗಿಡವೆಂದು ಹೊಗಳಿ ಮಾರಿದರೆ ಅದನ್ನು ಗುಣವೆಂದು ತಿಳಿಯದೆ ಎಚ್ಚರಿಕೆಯೆಂದು ತಿಳಿಯಬೇಕು. ಸಸಿಯ ಬುಡದ ಮಣ್ಣಿನಲ್ಲಿ ಜೇಕಿನ ಗಡ್ಡೆಯಾಗಲಿ ಪಾರ್ಥೇನಿಯಂ ಸಸಿಯಾಗಲಿ ಇದೆಯೇ ಎಂದು ನೋಡಿಯೇ ನೆಡತಕ್ಕದ್ದು.

೧೦. ಕಿತ್ತ ಕಳೆಯನ್ನು ಏನು ಮಾಡಬೇಕು

ಹೂವು ಬಾರದ ಎಳೆಯ ಕಳೆಯು ಒಳ್ಳೆಯ ಗೊಬ್ಬರದ ಸಾಮಗ್ರಿ; ಅದನ್ನು ನಿರಾತಂಕವಾಗಿ ಗುಂಡಿಗೆ ಹಾಕಬಹುದು. ಬೀಜ ಕಟ್ಟಿದ ಕಳೆಯನ್ನೂ, ಜೇಕಿನ ಗಡ್ಡೆ, ಗರಿಕೆಯ ಬೇರುಗಳನ್ನೂ ಹಸಿಯಾಗಿ ಹಾಕಕೂಡದು. ಗಡ್ಡೆ ಬೇರುಗಳನ್ನು ಕಲ್ಲಿನ ಮೇಲೆ ಒಣಗಿಸಿದ ಮೇಲೆಯೇ ಹಾಕಬೇಕು. ಬೀಜದ ಕಳೆಯನ್ನು ಬೇರೆಯಾಗಿ ಮೂರಡಿಗೆ ಕಡಮೆಯಿಲ್ಲದಂತೆ ರಾಶಿಮಾಡಿ, ಸಗಣಿ ನೀರಿನಿಂದ ನೆನೆಸಿ, ಅಂಚಿನದು ನಡುವಿಗೆ ಬರುವಂತೆ ಹಲವು ಸಲ ಮಗುಚಿದರೆ, ರಾಶಿಯ ಒಳಗಿನ ಕಾವಿನಿಂದ ಬೀಜಗಳು ಸಾಯುವುವು. ಕೈಯಿಟ್ಟರೆ ತಾಳಲಾರದಷ್ಟು ಬಿಸಿಯಾಗಿ ಕೆಲವು ದಿನ ನಿಲ್ಲುವುದೇ ಇದಕ್ಕೆ ಗುರುತು. ಅಷ್ಟು ಕಾವು ಬಾರದ ರಾಶಿಯನ್ನು ಹೊಲಕ್ಕೆ ಒಯ್ಯದೆ, ಆಳವಾದ ಗುಂಡಿಯಲ್ಲಿ ಹೂಳುವುದೇ ಸರಿ.

೧೧. ಕಳೆನಾಶಕ ಔಷಧಗಳ ವಿಷಯ

ಹೊಲಕ್ಕೆಂದು ತಂದ ಕಳೆನಾಶಕವನ್ನು ಅಂಗಳಕ್ಕೂ ಸಿಂಪಡಿಸುವುದು ಈಚೆಗೆ ಕಂಡುಬರುವ ದುರಭ್ಯಾಸ. ಗ್ಲೈಫೋಸೇಟ್ ಹಸಿರಾದುದೆಲ್ಲವನ್ನೂ ಕೊಲ್ಲತಕ್ಕದ್ದು. ಅದಕ್ಕೆ ಜೇಕೂ ಒಂದೇ, ಮಲ್ಲಿಗೆಯೂ ಒಂದೇ. 2022ರ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ಇದರ ಬಳಕೆಯನ್ನು ತರಬೇತಿ ಪಡೆದ ಪೀಡೆನಿಯಂತ್ರಕರಿಗೆ ಸೀಮಿತಗೊಳಿಸಿ ಅಧಿಸೂಚನೆಯನ್ನು ಹೊರಡಿಸಿತು. ಪ್ಯಾರಾಕ್ವಾಟ್ ಒಂದು ಗುಟುಕು ಒಳಹೋದರೂ ಪ್ರಾಣಾಂತಿಕ, ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳು ಆಡುವ, ಕೋಳಿ ಕೆದಕುವ, ಕರು ಕಟ್ಟುವ, ದೇವರಿಗೂ ಮುಡಿಗೂ ಹೂವು ಬಿಡಿಸುವ ಸ್ಥಳದಲ್ಲಿ ಇಂತಹ ವಿಷವನ್ನು ಉಪಯೋಗಿಸಲೇ ಕೂಡದು. ಮಿಕ್ಕ ಔಷಧವನ್ನು ಕುಡಿಯುವ ನೀರಿನ ಅಥವಾ ಎಣ್ಣೆಯ ಶೀಸೆಗಳಲ್ಲಿ ತುಂಬಿಡುವುದು ಘೋರವಾದ ಅಜಾಗರೂಕತೆ. ಪಾತಿಯ ಕಳೆಗೆ ಕೈ, ಕುರ್ಚಿಗೆ, ಹೊದಿಕೆ ಈ ಮೂರೇ ಸಾಕು.

೧೨. ಗ್ರಾಮದ ಮುಖಂಡರ ಕರ್ತವ್ಯ

ಒಬ್ಬನು ತನ್ನ ಅಂಗಳವನ್ನು ಶುದ್ಧವಾಗಿಟ್ಟುಕೊಂಡರೂ ನೆರೆಯ ಪಾಳುಹಿತ್ತಲಿನ ಬೀಜವು ಗಾಳಿಯಲ್ಲಿ ಬರುವುದು. ಶಾಲೆಯ ಬಯಲು, ದೇವಸ್ಥಾನದ ಪ್ರಾಕಾರ, ಕೆರೆಯ ಏರಿ, ಬಸ್ಸು ನಿಲ್ಲುವ ಸ್ಥಳ, ಇವು ಯಾರ ಪಾಲಿಗೂ ಸೇರದೆ ಎಲ್ಲರ ಹೊಲಗಳಿಗೂ ಬೀಜವನ್ನು ಒದಗಿಸುವುವು. ಆದುದರಿಂದ ಮುಖಂಡರು ಮೃಗಶಿರೆಯ ಮಳೆಯ ಹೊತ್ತಿಗೆ, ಪಾರ್ಥೇನಿಯಂ ಹೂವು ಬಿಡುವುದಕ್ಕೆ ಮುಂಚೆ, ಒಂದು ದಿನವನ್ನು ಗೊತ್ತುಮಾಡಿ, ಮನೆಗೊಬ್ಬ ಪ್ರೌಢರಂತೆ ಸೇರಿಸಿ ಸಾರ್ವಜನಿಕ ಸ್ಥಳಗಳ ಕಳೆಯನ್ನು ಕೀಳಿಸತಕ್ಕದ್ದು; ಒಂದು ತಿಂಗಳ ಮೇಲೆ ಎರಡನೆಯ ಸಲವೂ ಕೀಳಿಸತಕ್ಕದ್ದು. ಮೊದಲನೆಯ ಸಲ ಮಾತ್ರ ಕಿತ್ತು ಬಿಟ್ಟ ಗ್ರಾಮದಲ್ಲಿ ತಡವಾಗಿ ಮೊಳೆತ ಗಿಡಗಳೇ ಮುಂದಿನ ವರ್ಷಕ್ಕೆ ಬೇಕಾದಷ್ಟು ಬೀಜವನ್ನು ಬಿಡುವುವು. ಮುಖಂಡರ ಅಂಗಳವೇ ಮೊದಲು ಶುದ್ಧವಾದರೆ ಉಳಿದವರಿಗೆ ಹೆಚ್ಚಾಗಿ ಹೇಳಬೇಕಾದ ಅಗತ್ಯ ಬೀಳದು.

೧೩. ಸಾರಾಂಶ

1. ಕಳೆಯು ಬೀಜ ಕಟ್ಟುವುದಕ್ಕೆ ಮುಂಚೆ ತೆಗೆಯಿರಿ. ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು.

2. ಬೀಜದ ಕಳೆಯನ್ನು ತೆಳುವಾಗಿ ಕೆರೆಯಿರಿ; ಗಡ್ಡೆಯ ಕಳೆಯನ್ನು ಬೇಸಿಗೆಯಲ್ಲಿ ಆಳವಾಗಿ ಅಗೆದು ಆರಿಸಿ ಒಣಗಿಸಿರಿ.

3. ಪಾತಿಯಲ್ಲಿ ಮೊದಲು ಕಳೆಯನ್ನು ಮೊಳೆಯಿಸಿ ಕೊಂದು, ಆಮೇಲೆ ಸಸಿಯನ್ನು ನೆಡಿರಿ.

4. ಬರಿಯ ನೆಲವನ್ನು ಬಿಡದೆ ಹೊದಿಕೆ ಹಾಕಿರಿ.

5. ಪಾರ್ಥೇನಿಯಮ್ಮನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿರಿ.

6. ಬೀಜವಾದ ಕಳೆಯನ್ನು ತಿಪ್ಪೆಗೆ ಹಾಕಬೇಡಿರಿ.

ಮನೆಯ ಮುಂದಿನ ಪಾತಿಯಲ್ಲಿ ಕಳೆಯ ಗುಣವನ್ನು ಅರಿತವರಿಗೆ ಹೊಲದ ಕಳೆಯನ್ನು ಗೆಲ್ಲುವುದು ಕಷ್ಟವಲ್ಲ. ಅಂಗಳದಲ್ಲಿ ಬೀಜ ಬೀಳದಂತೆ ನೋಡಿಕೊಂಡವರ ಗೊಬ್ಬರವು ಹೊಲಕ್ಕೆ ಸಾರವನ್ನು ಮಾತ್ರ ಒಯ್ಯುವುದು, ಸಾಲವನ್ನು ಒಯ್ಯುವುದಿಲ್ಲ.